ಏಳೂವರೆಯಿಂದ ಎರಡಕ್ಕೆ

ನಮ್ಮ ಯಜಮಾನರು ತಿಪಟೂರಿನ ಒಂದು ಕೊಬ್ಬರಿ ಮಂಡಿಯಲ್ಲಿ ಗುಮಾಸ್ತರಾಗಿದ್ದರು. ತೂಕ ಬರೆಯುವುದು, ರೈತರಿಗೆ ಲೆಕ್ಕದ ಚೀಟಿ ಮಾಡಿಕೊಡುವುದು ಅವರ ಕೆಲಸ. ಎಲೆ, ಅಡಿಕೆ, ಹೊಗೆಸೊಪ್ಪು ಮದುವೆಗೆ ಮೊದಲೇ ಇತ್ತು. ಆಮೇಲೆ ಗುಟ್ಕಾ ಬಂತು. 2013ರಲ್ಲಿ ಸರ್ಕಾರ ಗುಟ್ಕಾ ನಿಷೇಧಿಸಿತು. ಅಂಗಡಿಗಳಲ್ಲಿ ಪಾನ್ ಮಸಾಲೆಯ ಪೊಟ್ಟಣ ಬೇರೆ, ಹೊಗೆಸೊಪ್ಪಿನ ಪೊಟ್ಟಣ ಬೇರೆ ನೇತುಹಾಕಿದರು. ಇವರು ಎರಡನ್ನೂ ಕೊಂಡು ಬಾಯಲ್ಲಿ ಬೆರೆಸಿಕೊಳ್ಳುತ್ತಿದ್ದರು.

2017ರ ದೀಪಾವಳಿಯ ಹೊತ್ತಿಗೆ ಬಲಗೆನ್ನೆಯ ಒಳಗೆ ಹುಣ್ಣು ಕಾಣಿಸಿತು. ಖಾರ ಸೇರುತ್ತಿರಲಿಲ್ಲ. ಬಾಯಿ ಪೂರ್ತಿ ತೆರೆಯಲು ಆಗುತ್ತಿರಲಿಲ್ಲ. ತುಮಕೂರಿನಲ್ಲಿ ಚೂರು ತೆಗೆದು ಪರೀಕ್ಷೆಗೆ ಕಳಿಸಿದರು. ಬೆಂಗಳೂರಿನಲ್ಲಿ ಆಪರೇಷನ್ ಆಯಿತು. ಬಲಗಡೆಯ ದವಡೆ ತೆಗೆದು, ಎದೆಯಿಂದ ಮಾಂಸ ತಂದು ಕೆನ್ನೆಗೆ ಹೊಲಿದರು. ಆಮೇಲೆ ರೇಡಿಯೇಷನ್. ಅದು ಮುಗಿದ ಮೇಲೆ ಕೆಲವು ತಿಂಗಳು ಮಂಡಿಗೂ ಹೋದರು. ಮಾತು ತೊದಲುತ್ತಿತ್ತು, ಕೈಬರಹ ಮೊದಲಿನಂತೆಯೇ ಇತ್ತು.

2019ರ ಶುರುವಿನಲ್ಲಿ ಕತ್ತಿನಲ್ಲಿ ಗಂಟು ಎದ್ದಿತು. ಮತ್ತೆ ಬೆಂಗಳೂರಿಗೆ ಹೋದೆವು. ಸ್ಕ್ಯಾನ್ ನೋಡಿದ ಡಾಕ್ಟರು ನನ್ನನ್ನು ಮತ್ತು ಬಾವನವರನ್ನು ಹೊರಗೆ ಕರೆದು, ಓಡಾಡುವ ಜನರ ಮಧ್ಯೆ ನಿಂತುಕೊಂಡೇ ಹೇಳಿದರು. "ಇನ್ನು ಮಾಡೋಕೆ ಏನೂ ಇಲ್ಲಮ್ಮ. ಮನೆಗೆ ಕರ್ಕೊಂಡ್ ಹೋಗಿ. ಏನ್ ಕೇಳ್ತಾರೋ ಕೊಡಿ." ಇವರು ಏನನ್ನೂ ನುಂಗುವ ಹಾಗಿರಲಿಲ್ಲ. ಆ ಹೊತ್ತಿಗಾಗಲೇ ಮೂಗಿನಿಂದ ನಳಿಕೆ ಹಾಕಿದ್ದರು. ಆ ಆಸ್ಪತ್ರೆಯ ಹೆಸರು ಬರೆಯುವುದಿಲ್ಲ. ಅವರಿಗೆ ಆಪರೇಷನ್ ಮಾಡುವುದು ಗೊತ್ತಿತ್ತು, ಚೆನ್ನಾಗಿಯೇ ಮಾಡಿದ್ದರು.

ಮನೆಗೆ ಬಂದ ಮೇಲಿನ ವಾರಗಳೇ ಅತಿ ಕಷ್ಟದವು. ಗಂಟು ಒಡೆದು ಗಾಯವಾಯಿತು. ಕಿವಿಯ ಒಳಗಿನಿಂದ ತಲೆಯ ಮೇಲಕ್ಕೆ ನೋವು ಹೊಡೆಯುತ್ತಿತ್ತು. ಮಲಗಲು ಆಗದೆ ಗೋಡೆಗೆ ಹಣೆ ಒತ್ತಿಕೊಂಡು ಕೂರುತ್ತಿದ್ದರು. ಊರಿನ ಡಾಕ್ಟರು ಒಳ್ಳೆಯವರು, ರಾತ್ರಿ ಕರೆದರೂ ಬರುತ್ತಿದ್ದರು. ಅವರು ಕೊಟ್ಟ ಮಾತ್ರೆ ಒಂದು ಗಂಟೆ ಹಿಡಿಯುತ್ತಿತ್ತು, ಆಮೇಲೆ ಇಲ್ಲ. "ಇವರಿಗೆ ಬೇಕಾಗಿರೋದು ಮಾರ್ಫಿನ್. ಅದು ಇಲ್ಲಿ ಯಾವ ಮೆಡಿಕಲ್ ಸ್ಟೋರಲ್ಲೂ ಇಲ್ಲ, ನಾನು ಬರೆದುಕೊಟ್ರೂ ಸಿಗಲ್ಲ" ಎಂದರು. 1985ರಲ್ಲಿ ಮಾದಕ ವಸ್ತುಗಳ ಕಾನೂನು ಬಂದ ಮೇಲೆ ಮಾರ್ಫಿನ್ ಇಡಲು ಹಲವು ಪರವಾನಗಿ ಬೇಕಾಗಿ, ಆಸ್ಪತ್ರೆಗಳೇ ಇಡುವುದನ್ನು ಬಿಟ್ಟವಂತೆ. 2014ರಲ್ಲಿ ತಿದ್ದುಪಡಿ ಮಾಡಿ ಸಲೀಸು ಮಾಡಿದರು. ಆದರೂ ಮಾನ್ಯತೆ ಪಡೆದ ಕಡೆ ಮಾತ್ರ ಅದು ಸಿಗುತ್ತದೆ. ಇದೆಲ್ಲ ನಾನು ಆಮೇಲೆ ತಿಳಿದದ್ದು. ಆಗ ನನಗೆ ಗೊತ್ತಾದದ್ದು ಇಷ್ಟೇ. ಔಷಧಿ ಇದೆ, ನಮ್ಮ ಊರಲ್ಲಿ ಇಲ್ಲ.

ವಾಸನೆಯ ಬಗ್ಗೆಯೂ ಬರೆಯಬೇಕು. ಗಾಯ ಕೊಳೆಯುತ್ತಿತ್ತು. ಊದುಬತ್ತಿ ಹಚ್ಚಿದರೆ ಎರಡೂ ಸೇರಿ ಇನ್ನೂ ಕೆಟ್ಟದಾಗುತ್ತಿತ್ತು. ನೋಡಲು ಬಂದವರು ಬಾಗಿಲಲ್ಲೇ ನಿಂತು ಮಾತಾಡಿಸಿ ಹೋಗುತ್ತಿದ್ದರು. ಮಗ ಆಗ ಪಿಯುಸಿ. ಊಟದ ತಟ್ಟೆ ಹಿಡಿದು ಅಂಗಳಕ್ಕೆ ಹೋಗುತ್ತಿದ್ದ. ಇವರಿಗೆ ಎಲ್ಲ ಕಾಣುತ್ತಿತ್ತು. ಒಂದು ದಿನ ಬಟ್ಟೆ ಬದಲಿಸುವಾಗ ಗಾಯದೊಳಗೆ ಹುಳ ಕಂಡವು. ನಾನು ಹೊರಗೆ ಹೋಗಿ ವಾಂತಿ ಮಾಡಿ, ಕೈ ತೊಳೆದು, ಒಳಗೆ ಬಂದು ಕೆಲಸ ಮುಗಿಸಿದೆ.

ರೇಡಿಯೇಷನ್ ದಿನಗಳಲ್ಲಿ ಬೆಂಗಳೂರಿನ ಒಬ್ಬ ಹೆಂಗಸಿನ ಪರಿಚಯವಾಗಿತ್ತು. ಅವರ ಯಜಮಾನರಿಗೂ ಇದೇ ಕಾಯಿಲೆ. ಫೋನ್ ಮಾಡಿದೆ. ಅವರ ಯಜಮಾನರು ತೀರಿಹೋಗಿದ್ದರು. "ಕೊನೇಲಿ ಕರುಣಾಶ್ರಯದಲ್ಲಿ ಇದ್ರು ಕಣ್ರೀ. ನೋವಿರಲಿಲ್ಲ. ದುಡ್ಡು ತಗೊಳಲ್ಲ. ವಾಸಿಯಾಗೋ ಟ್ರೀಟ್‌ಮೆಂಟ್ ಇಲ್ಲ ಅಂತ ಡಾಕ್ಟ್ರ ಹತ್ರ ಪತ್ರ ಬರೆಸ್ಕೊಂಡು ಹೋಗಿ" ಎಂದರು.

ಆ ಪತ್ರ ಬರೆಸುವುದು ಕಷ್ಟವಾಗಲಿಲ್ಲ. ಬೇರೊಬ್ಬ ಡಾಕ್ಟರು ಬೇಗ ಬರೆದುಕೊಟ್ಟರು, ಕಷ್ಟ ಆದದ್ದು ಮನೆಯಲ್ಲಿ. ಬಾವನವರು ಹೇಳಿದರು: "ಮನೆ ಮಠ ಇರೋನ್ನ ಸಾಯೋಕೆ ಅಂತ ಯಾವುದೋ ಆಶ್ರಮಕ್ಕೆ ಬಿಡ್ತೀಯೇನಮ್ಮ? ನಾಳೆ ಜನ ಏನಂತಾರೆ?" ಅತ್ತೆ ಏನೂ ಹೇಳಲಿಲ್ಲ. ಇವರನ್ನು ಕೇಳಿದೆ. ಮಂಡಿಯ ಪಾಕೆಟ್ ಪುಸ್ತಕ ಯಾವಾಗಲೂ ಅವರ ಹತ್ತಿರ ಇರುತ್ತಿತ್ತು. "ನೋವಿಗೆ ಏನಾದರೂ ಕೊಡ್ತಾರಾ?" ಎಂದು ಬರೆದರು. ಕೊಡುತ್ತಾರಂತೆ ಎಂದೆ. "ನಡಿ" ಎಂದು ಬರೆದರು. ಆಮೇಲೆ ಬಾವನವರೇ ಕಾರು ಗೊತ್ತುಮಾಡಿದರು. ಅದನ್ನೂ ಹೇಳಬೇಕು.

ಕರುಣಾಶ್ರಯ ಮಾರತ್ತಹಳ್ಳಿಯಿಂದ ವರ್ತೂರಿನ ಕಡೆ ಹೋಗುವ ರಸ್ತೆಯಲ್ಲಿದೆ. ಬೆಂಗಳೂರು ಹಾಸ್ಪೈಸ್ ಟ್ರಸ್ಟ್ ಎಂಬುದು 1994ರಲ್ಲಿ ಶುರುವಾಗಿ, 1999ರಲ್ಲಿ ಈ ಜಾಗ ತೆರೆಯಿತು. ಒಳಗೆ ಹೋದರೆ ಕಲ್ಲಿನ ಕಟ್ಟಡ, ನಡುವೆ ನೀರು, ಸುತ್ತ ವಾರ್ಡುಗಳು. ನಾನು ಹೆದರಿಕೊಂಡು ಹೋಗಿದ್ದೆ. ಸಾಯುವವರು ಸಾಲಾಗಿ ಮಲಗಿರುವ ಕತ್ತಲೆ ಕೋಣೆ ಎಂದು ಮನಸ್ಸಿನಲ್ಲಿತ್ತು. ಹೋದಾಗ ಒಬ್ಬ ಅಜ್ಜಿ ವೀಲ್‌ಚೇರಿನಲ್ಲಿ ಕೂತು ಆಯಾ ಕೈಲಿ ತಲೆ ಬಾಚಿಸಿಕೊಳ್ಳುತ್ತಿದ್ದಳು, ಬೈತಲೆ ಸರಿ ಬಂದಿಲ್ಲ ಎಂದು ಜಗಳವಾಡುತ್ತಿದ್ದಳು.

ಮೊದಲು ಬಂದ ಸಿಸ್ಟರ್ ಮುಖಕ್ಕೆ ಬಟ್ಟೆ ಕಟ್ಟಿಕೊಳ್ಳದೆ ಇವರ ಹತ್ತಿರ ಬಗ್ಗಿ ನಿಂತರು. ತಿಂಗಳುಗಳಾಗಿತ್ತು ಯಾರೂ ಅಷ್ಟು ಹತ್ತಿರ ಬಂದು. "ಅಣ್ಣ, ನೋವಿಲ್ಲ ಅಂದ್ರೆ ಸೊನ್ನೆ. ತಡೆಯೋಕೇ ಆಗಲ್ಲ ಅಂದ್ರೆ 10. ಈಗ ಎಷ್ಟಿದೆ?" ಎಂದು ಕೇಳಿದರು. ಇವರು ಪುಸ್ತಕ ತೆಗೆದು ಯೋಚಿಸಿ 7½ ಎಂದು ಬರೆದರು. ಸಿಸ್ಟರ್ ನಕ್ಕರು. ಅರ್ಧ ಬರೆದವರನ್ನು ಅವರು ನೋಡಿರಲಿಲ್ಲವಂತೆ. ತೂಕದಲ್ಲಿ ಅರ್ಧ ಕಿಲೋ ಬಿಡುವ ಮನುಷ್ಯರಲ್ಲ ಇವರು.

ಮಾರ್ಫಿನ್ ಮಾತ್ರೆ ಪುಟ್ಟದು, ಬೆಲೆಯೂ ಹೆಚ್ಚಿಲ್ಲವಂತೆ. ಅದನ್ನು ಪುಡಿಮಾಡಿ ನೀರಲ್ಲಿ ಕರಗಿಸಿ ನಳಿಕೆಯಲ್ಲಿ ಹಾಕಿದರು. ಬೆಳಿಗ್ಗೆ 6, 10, ಮಧ್ಯಾಹ್ನ 2, ಸಂಜೆ 6, ರಾತ್ರಿ 10ಕ್ಕೆ. ನಡುರಾತ್ರಿ ಎಬ್ಬಿಸಬಾರದೆಂದು ರಾತ್ರಿಯ ಪ್ರಮಾಣ ಎರಡರಷ್ಟು. ನೋವು ಬಂದ ಮೇಲೆ ಕೊಡುವುದಲ್ಲ, ಬರುವ ಮೊದಲೇ ಗಂಟೆ ನೋಡಿ ಕೊಡುವುದು. ಜೊತೆಗೆ ಭೇದಿಯಾಗಲು ಒಂದು ಮಾತ್ರೆ ದಿನವೂ ಇರಲೇಬೇಕು. ಮಾರ್ಫಿನ್ ಮಲಬದ್ಧತೆ ಮಾಡುತ್ತದೆ, ಅದು ತಾನಾಗಿ ಸರಿಹೋಗುವುದಿಲ್ಲ. ಮೊದಲ ಎರಡು ದಿನ ಇವರು ಮಲಗಿಯೇ ಇದ್ದರು. ನೋಡಲು ಬಂದ ಬಾವನವರು ನನ್ನನ್ನು ಪಕ್ಕಕ್ಕೆ ಕರೆದು, "ಅಫೀಮು ಹಾಕಿ ಮಲಗಿಸ್ಬಿಟ್ಟಿದಾರೆ, ಹಿಂಗೇ ಹೋಗ್ಬಿಡ್ತಾನೆ" ಎಂದರು. ನನಗೂ ಅದೇ ಭಯ. ಡಾಕ್ಟರನ್ನು ಕೇಳಿದೆವು. ಅವರು ಬೇಜಾರು ಮಾಡಿಕೊಳ್ಳಲಿಲ್ಲ. ಹೌದು, ಅಫೀಮಿನಿಂದಲೇ ಬರುವುದು, ನಾವು ಪಾಯಸ ಮಾಡುವ ಗಸಗಸೆಯ ಗಿಡವೇ ಅದು ಎಂದರು. ವಾರಗಟ್ಟಲೆ ನಿದ್ದೆಗೆಟ್ಟಿದ್ದಾರೆ, ಅದನ್ನೂ ಸೇರಿಸಿ ಮಲಗುತ್ತಿದ್ದಾರೆ, ಮಂಪರು ಎರಡು ಮೂರು ದಿನದಲ್ಲಿ ಇಳಿಯುತ್ತದೆ, ನೋವಿಗೆ ತಕ್ಕಷ್ಟು ಕೊಟ್ಟರೆ ಆಯಸ್ಸು ಕಡಿಮೆಯಾಗುವುದಿಲ್ಲ ಎಂದರು. ಹಾಗೆಯೇ ಆಯಿತು. ಮೂರನೆಯ ದಿನ ಎದ್ದು ಕೂತು ಪೇಪರ್ ಕೇಳಿದರು. ಪುಸ್ತಕದಲ್ಲಿ 4 ಎಂದು ಬರೆದರು. ಕಿವಿಯ ಚುಚ್ಚುವ ನೋವು ಮಾತ್ರ ಜಗ್ಗಲಿಲ್ಲ. ಅದು ನರದ ನೋವು, ಅದಕ್ಕೆ ಬೇರೆ ಮಾತ್ರೆ ಎಂದರು. ಹಿಡಿಯಲು ಒಂದು ವಾರದ ಮೇಲೆ ಬೇಕಾಯಿತು. ಆಮೇಲೆ 2 ಎಂದು ಬರೆದರು. ಸೊನ್ನೆ ಎಂದು ಯಾವತ್ತೂ ಬರೆಯಲಿಲ್ಲ.

ಗಾಯವನ್ನು ದಿನವೂ ತೊಳೆಯುತ್ತಿದ್ದರು. ಹುಳ ತೆಗೆಯಲು ಟರ್ಪೆಂಟೈನ್ ಎಣ್ಣೆ ಅದ್ದಿದ ಬಟ್ಟೆಯನ್ನು ಗಾಯದ ಬಾಯಿಗೆ ಇಟ್ಟರು. ಹುಳಗಳು ತಾವಾಗಿ ಹೊರಗೆ ಬಂದವು, ಚಿಮುಟದಿಂದ ತೆಗೆದರು. ವಾಸನೆಗೆ ಮೆಟ್ರೊನಿಡಜೋಲ್ ಮಾತ್ರೆಯನ್ನು ಕುಟ್ಟಿ ಪುಡಿಮಾಡಿ ಗಾಯದ ಮೇಲೆ ಉದುರಿಸಿದರು. ಭೇದಿಗೆ, ಹಲ್ಲುನೋವಿಗೆ ನಾವು ತಿನ್ನುವ ಸಾಮಾನ್ಯ ಮಾತ್ರೆ ಅದು. ನಮ್ಮ ಊರಿನ ಎಲ್ಲ ಅಂಗಡಿಯಲ್ಲೂ ಇತ್ತು. ಅದನ್ನು ಹೀಗೆ ಹಾಕಬಹುದೆಂದು ಯಾರೂ ನಮಗೆ ಹೇಳಿರಲಿಲ್ಲ. ನಾಲ್ಕೈದು ದಿನದಲ್ಲಿ ವಾಸನೆ ಬಹಳ ಇಳಿಯಿತು. ಪೂರ್ತಿ ಹೋಗಲಿಲ್ಲ. ಮುಂದಿನ ಭಾನುವಾರ ಮಗ ಬಂದು ಮಂಚದ ಅಂಚಿನಲ್ಲಿ ಕೂತ. ಅಪ್ಪ ಮಗ ಮೊಬೈಲಿನಲ್ಲಿ ಕ್ರಿಕೆಟ್ ನೋಡಿದರು.

ಸ್ನಾನ ಮಾಡಿಸುತ್ತಿದ್ದ ಅಲ್ಲಿನ ಹುಡುಗ ಇವರ ಎಡಗೆನ್ನೆಗೆ ಶೇವ್ ಮಾಡುತ್ತಿದ್ದ. ಹಣೆಗೆ ವಿಭೂತಿ ಬೇಕು ಎಂದು ಇವರು ಸನ್ನೆ ಮಾಡಿದರು. ಮರುದಿನದಿಂದ ಕೇಳದೆಯೇ ಹಚ್ಚುತ್ತಿದ್ದ. ಅವನು ಯಾವ ಜಾತಿಯವನೋ, ಯಾವ ಧರ್ಮದವನೋ, ನಾನು ಕೇಳಲಿಲ್ಲ.

ಎರಡನೆಯ ವಾರ ಡಾಕ್ಟರು ಕುರ್ಚಿ ಎಳೆದುಕೊಂಡು ಕೂತು, "ನಿಮ್ಮ ಕಾಯಿಲೆ ಬಗ್ಗೆ ಏನಾದ್ರೂ ಕೇಳ್ಬೇಕು ಅಂತಿದೆಯಾ?" ಎಂದರು. ಇವರು ಬರೆದರು: "ಎಷ್ಟು? ತಿಂಗಳೋ ವಾರವೋ?" ನಾನು ಡಾಕ್ಟರಿಗೆ ಬೇಡವೆಂದು ಸನ್ನೆ ಮಾಡಿದೆ. ಅಷ್ಟು ದಿನವೂ ನಾವೆಲ್ಲ ಇವರಿಗೆ ವಾಸಿಯಾಗುತ್ತದೆ ಎಂದೇ ಹೇಳಿಕೊಂಡು ಬಂದಿದ್ದೆವು. ಡಾಕ್ಟರು ನನ್ನ ಕಡೆ ನೋಡಿದರು. ಆಮೇಲೆ ಇವರ ಕಡೆ ತಿರುಗಿ, "ಸರಿಯಾಗಿ ಹೇಳೋಕೆ ಯಾರಿಗೂ ಆಗಲ್ಲ. ವಾರಗಳ ಲೆಕ್ಕ ಅಂತ ನನಗನ್ನಿಸುತ್ತೆ" ಎಂದರು. ಇವರು ತಲೆ ಆಡಿಸಿದರು. ನಾನು ಹೊರಗೆ ಹೋಗಿ ಕೌನ್ಸೆಲರ್ ಮೇಡಂ ಮೇಲೆ ಕೂಗಾಡಿದೆ. ಅವರು ಸುಮ್ಮನೆ ಕೇಳಿಸಿಕೊಂಡರು, ಕಾಫಿ ತರಿಸಿದರು.

ಒಳಗೆ ಬಂದಾಗ ಇವರು ಹೊಸ ಹಾಳೆ ತಿರುವಿ ಬರೆಯುತ್ತಿದ್ದರು. ಯಾರು ನಮಗೆ ಎಷ್ಟು ಕೊಡಬೇಕು, ನಾವು ಯಾರಿಗೆ ಎಷ್ಟು. ಚೀಟಿಯಲ್ಲಿ ಇನ್ನೆಷ್ಟು ಕಂತು. ಎಲ್‌ಐಸಿ ಬಾಂಡು ಬೀರುವಿನಲ್ಲಿ ಯಾವ ಸೀರೆಯ ಕೆಳಗೆ. ತೋಟದ ಪಹಣಿಯಲ್ಲಿ ಬಾವನವರ ಜೊತೆ ಜಂಟಿ ಇರುವುದು. ಮಗ ಮಂಡಿ ಕೆಲಸಕ್ಕೆ ಸೇರುವುದು ಬೇಡ, ಓದಲಿ. ಕೆಳಗೆ ಗೆರೆ ಎಳೆದು, ನೋಡಿ ಸಹಿ ಮಾಡಿದರು. ಅದು ಅವರ ಅಭ್ಯಾಸ. ಆ ಹಾಳೆ ಇಲ್ಲದಿದ್ದರೆ ನಾನು ಆಮೇಲೆ ಎಷ್ಟು ಕಡೆ ಅಲೆಯಬೇಕಿತ್ತೋ. ಡಾಕ್ಟರ ಮೇಲಿನ ಸಿಟ್ಟು ಆ ದಿನವೇ ಇಳಿಯಿತು ಎಂದರೆ ಸುಳ್ಳು. ಬಹಳ ದಿನ ಇತ್ತು.

ಕೌನ್ಸೆಲರ್ ಮೇಡಂ ಒಂದು ಸಂಜೆ ನನ್ನ ಜೊತೆ ಜಗಲಿಯಲ್ಲಿ ಕೂತಿದ್ದರು. ಇಂಥ ಜಾಗ ಯಾರಿಗೆ ಹೊಳೆಯಿತು ಎಂದು ಕೇಳಿದೆ. ಇಂಗ್ಲೆಂಡಿನ ಸಿಸಿಲಿ ಸಾಂಡರ್ಸ್ ಎಂಬಾಕೆಯ ವಿಷಯ ಹೇಳಿದರು. ಮೊದಲು ನರ್ಸ್, ಬೆನ್ನು ನೋವಿನಿಂದ ಅದು ಬಿಟ್ಟು ಆಸ್ಪತ್ರೆಯ ಸಮಾಜ ಕಾರ್ಯಕರ್ತೆ, ಆಮೇಲೆ ಡಾಕ್ಟರಿಕೆ ಓದಿ 1967ರಲ್ಲಿ ಲಂಡನ್ನಿನಲ್ಲಿ ಸೇಂಟ್ ಕ್ರಿಸ್ಟೋಫರ್ಸ್ ತೆರೆದರಂತೆ. ನೋವು ಮೈಯದು ಮಾತ್ರವಲ್ಲ, ಮನಸ್ಸಿನದು, ಮನೆಯದು, ದೇವರ ಜೊತೆಗಿನದು ಎಲ್ಲ ಸೇರಿ ಒಂದೇ ನೋವು ಎಂದು ಆಕೆ ಹೇಳಿದ್ದು. ನಮ್ಮ ದೇಶದಲ್ಲಿ ಮೊದಲು 1986ರಲ್ಲಿ ಮುಂಬೈಯಲ್ಲಿ ಶಾಂತಿ ಅವೇದನಾ ಶುರುವಾಯಿತು. ಕೇರಳದವರು 1993ರಿಂದ ಕಲ್ಲಿಕೋಟೆಯಲ್ಲಿ ಕೆಲಸ ಆರಂಭಿಸಿ, ಊರೂರಿನ ಸ್ವಯಂಸೇವಕರು ಮನೆಗೇ ಹೋಗಿ ನೋಡಿಕೊಳ್ಳುವ ಹಾಗೆ ಬೆಳೆಸಿದರು. ನಮ್ಮ ತಿಪಟೂರಿಗೆ ಯಾರು ಬರುತ್ತಾರೆ ಎಂದೆ. ಅದಕ್ಕೆ ಅವರ ಹತ್ತಿರ ಉತ್ತರವಿರಲಿಲ್ಲ. ಬೆಂಗಳೂರಿನ ಒಳಗಾದರೆ ಕರುಣಾಶ್ರಯದ ತಂಡವೇ ಮನೆಗೆ ಹೋಗುತ್ತದೆ.

ನೋವು ಹಿಡಿತಕ್ಕೆ ಬಂದ ಮೇಲೆ ಮನೆಗೆ ಹೋಗಬಹುದು ಎಂದರು. ನನಗೆ ಆಶ್ಚರ್ಯ. ಅಲ್ಲಿಗೆ ಹೋದವರು ವಾಪಸು ಬರುವುದಿಲ್ಲ ಎಂದೇ ನಾವು ತಿಳಿದಿದ್ದೆವು. ಹೋಗುವ ಮೊದಲು ನನಗೆ ಕಲಿಸಿದರು. ನಳಿಕೆಯಲ್ಲಿ ಹಾಕುವ ಮೊದಲು ಅದು ಜಾರಿಲ್ಲವೆಂದು ನೋಡುವುದು, ರಾಗಿ ಗಂಜಿಯನ್ನು ಎರಡು ಸಲ ಸೋಸುವುದು, ಹಾಕಿದ ಮೇಲೆ ಅರ್ಧ ಗಂಟೆ ಮಲಗಿಸದಿರುವುದು. ಸಿಸ್ಟರ್ ನನ್ನೊಬ್ಬಳನ್ನೇ ಕೂರಿಸಿ ಇನ್ನೊಂದು ಮಾತು ಹೇಳಿದರು. ಗಾಯ ಕತ್ತಿನ ದೊಡ್ಡ ರಕ್ತನಾಳದ ಹತ್ತಿರ ಇದೆ, ಒಮ್ಮೊಮ್ಮೆ ಅದು ಒಡೆಯಬಹುದು, ಒಡೆದರೆ ನಿಲ್ಲಿಸಲು ಆಗುವುದಿಲ್ಲ. ಕಡುಗೆಂಪು ಟವೆಲುಗಳನ್ನು ಹತ್ತಿರ ಇಟ್ಟುಕೊಳ್ಳಿ, ಅದರಲ್ಲಿ ರಕ್ತ ಎದ್ದು ಕಾಣುವುದಿಲ್ಲ, ಅವರೂ ಹೆದರುವುದಿಲ್ಲ, ನೀವೂ ಹೆದರುವುದಿಲ್ಲ. ಆಸ್ಪತ್ರೆಗೆ ಓಡಬೇಡಿ, ಕೈ ಹಿಡಿದುಕೊಂಡು ಕೂತಿರಿ. ನಾನು ಮಾರತ್ತಹಳ್ಳಿಯಲ್ಲೇ ನಾಲ್ಕು ಟವೆಲು ಕೊಂಡೆ. ಅಂಗಡಿಯವನು ಹೂವಿನ ಡಿಸೈನ್ ತೋರಿಸಿದ. ಬೇಡವೆಂದೆ.

ಮನೆಯಲ್ಲಿ ಹೆಚ್ಚುಕಡಿಮೆ ಒಂದು ತಿಂಗಳು ಇದ್ದರು. ಮಾತ್ರೆ ತರಲು ಬಾವನವರು ಬೆಳಗಿನ ರೈಲಿಗೆ ಬೆಂಗಳೂರಿಗೆ ಹೋಗಿ ರಾತ್ರಿ ಬರುತ್ತಿದ್ದರು. ಹರಾಜಿನ ದಿನ ಒಮ್ಮೆ ಆಟೋದಲ್ಲಿ ಎಪಿಎಂಸಿಗೆ ಕರೆದುಕೊಂಡು ಹೋದೆವು. ಇಳಿಯಲಿಲ್ಲ. ಹಮಾಲಿಗಳು ಆಟೋ ಹತ್ತಿರ ಬಂದು ಮಾತಾಡಿಸಿದರು. ಆ ದಿನದ ದರ ಕೇಳಿ ಪುಸ್ತಕದಲ್ಲಿ ಬರೆದುಕೊಂಡರು. ಸಾಲ ಕೊಡಬೇಕಾದವರಲ್ಲಿ ಇಬ್ಬರು ತಾವಾಗಿ ಬಂದು ಕೊಟ್ಟರು. ಒಬ್ಬರು ಬರಲಿಲ್ಲ.

ಒಂದು ಬೆಳಿಗ್ಗೆ ಗಾಯದಿಂದ ರಕ್ತ ಜಿನುಗಿತು. ಅದು ದೊಡ್ಡ ನಾಳವಲ್ಲ. ಕಲಿಸಿದ ಹಾಗೆ ಒತ್ತಿ ಹಿಡಿದೆ, ನಿಂತಿತು. ಅಂದಿನಿಂದ ಇವರು ಕೆಂಪು ಟವೆಲನ್ನೇ ನೋಡುತ್ತಿದ್ದರು. ಅದು ಯಾಕೆಂದು ಅವರಿಗೆ ಅರ್ಥವಾಗಿತ್ತು. "ವಾಪಸು ಹೋಗೋಣ" ಎಂದು ಬರೆದರು. ಅತ್ತೆ ಅತ್ತರು. ಸ್ವಂತ ಮನೆಯಲ್ಲೇ ಪ್ರಾಣ ಹೋಗಬೇಕು ಎನ್ನುವುದು ಅವರ ಆಸೆ. ಇವರು ಅಮ್ಮನ ಕೈ ಹಿಡಿದು ಬಹಳ ಹೊತ್ತು ಕೂತರು. ಬರೆಯಲಿಲ್ಲ, ಅತ್ತೆಗೆ ಓದಲು ಬಾರದು.

ಕರುಣಾಶ್ರಯದಲ್ಲಿ ಅದೇ ವಾರ್ಡು ಸಿಕ್ಕಿತು, ಬೇರೆ ಮಂಚ. ತಲೆ ಬಾಚಿಸಿಕೊಳ್ಳುತ್ತಿದ್ದ ಅಜ್ಜಿ ಇರಲಿಲ್ಲ. ಡಾಕ್ಟರು ಇವರನ್ನೇ ಕೇಳಿದರು: ಉಸಿರಾಟ ಕಷ್ಟವಾದರೆ ದೊಡ್ಡ ಆಸ್ಪತ್ರೆಯ ಐಸಿಯುಗೆ, ವೆಂಟಿಲೇಟರಿಗೆ ಹೋಗುತ್ತೀರಾ, ಇಲ್ಲೇ ಇರುತ್ತೀರಾ? "ಇಲ್ಲೇ." ಬಾವನವರಿಗೆ ಇದು ಕಾನೂನಿಗೆ ವಿರುದ್ಧವಲ್ಲವೇ ಎಂಬ ಅನುಮಾನ. ಅಂಥ ಚಿಕಿತ್ಸೆ ಬೇಡವೆನ್ನುವ ಹಕ್ಕು ರೋಗಿಗೆ ಇದೆ ಎಂದು ಸುಪ್ರೀಂ ಕೋರ್ಟು 2018ರಲ್ಲಿ ಹೇಳಿದೆ ಎಂದು ಡಾಕ್ಟರು ವಿವರಿಸಿದರು. ಬಾವನವರು ಎರಡು ಸಲ ಕೇಳಿ ಖಾತ್ರಿ ಮಾಡಿಕೊಂಡರು.

ಗಂಜಿ ಒಳಗೆ ಹೋಗದಾಯಿತು. ಹಾಕಿದರೆ ವಾಪಸು ಬರುತ್ತಿತ್ತು. ಡ್ರಿಪ್ ಆದರೂ ಹಾಕಿ, ಹಸಿದುಕೊಂಡು ಹೋಗಬಾರದು ಎಂದು ನಾನು ಬೇಡಿಕೊಂಡೆ. ನಮ್ಮಲ್ಲಿ ಬಾಯಿಗೆ ನೀರು ಬಿಡದೆ ಕಳಿಸುವುದು ಎಂದರೆ ಏನೆಂದು ಎಲ್ಲರಿಗೂ ಗೊತ್ತು. ಮೈ ಈಗ ಹಸಿವು ಕೇಳುತ್ತಿಲ್ಲ, ನೀರು ಏರಿಸಿದರೆ ಅದು ಎದೆಯಲ್ಲಿ, ಕಾಲಿನಲ್ಲಿ ನಿಂತು ಉಸಿರಿಗೆ ಕಷ್ಟವಾಗುತ್ತದೆ ಎಂದರು. ಬಾಯಿ ಒಣಗಿದರೆ ಮಾತ್ರ ಅವರಿಗೆ ಬಾಧೆ, ಅದನ್ನು ನೀವು ನೋಡಿಕೊಳ್ಳಿ ಎಂದು ಒದ್ದೆ ಗಾಜ್ ಕೊಟ್ಟರು. ಗಂಟೆಗೊಮ್ಮೆ ತುಟಿ, ನಾಲಿಗೆ ಒರೆಸಿದೆ. ಕೈಗೆ ಕೆಲಸವಿತ್ತು. ಅದರಿಂದ ನಾನು ಉಳಿದುಕೊಂಡೆ.

ಮಾತ್ರೆ ನಿಲ್ಲಿಸಿ ಚರ್ಮದ ಕೆಳಗೆ ಸಣ್ಣ ಸೂಜಿ ಇಟ್ಟು ಅದರಲ್ಲೇ ಔಷಧಿ ಕೊಟ್ಟರು. ಎರಡು ರಾತ್ರಿ ಬಹಳ ಒದ್ದಾಡಿದರು. ಹಾಸಿಗೆಯ ಬಟ್ಟೆ ಕೀಳುತ್ತಿದ್ದರು, ನನ್ನನ್ನು ಗುರುತಿಸಲಿಲ್ಲ, ಒಮ್ಮೆ ಕೈಯಿಂದ ತಳ್ಳಿದರು. ಅದು ನೋವಲ್ಲ, ಕೊನೆಯಲ್ಲಿ ಕೆಲವರಿಗೆ ಹೀಗಾಗುತ್ತದೆ ಎಂದು ಬೇರೆ ಇಂಜೆಕ್ಷನ್ ಕೊಟ್ಟರು. ಎರಡನೆಯ ರಾತ್ರಿ ಬೆಳಗಿನ ಜಾವಕ್ಕೆ ಶಾಂತವಾಯಿತು. ಎಲ್ಲರೂ ಸುಖವಾಗಿ ನಿದ್ದೆಯಲ್ಲಿ ಹೋಗುತ್ತಾರೆ ಎಂದು ಯಾರಾದರೂ ಹೇಳಿದರೆ, ಆ ಎರಡು ರಾತ್ರಿಯನ್ನೂ ಹೇಳಬೇಕು.

ಆಮೇಲೆ ಗಂಟಲಲ್ಲಿ ಗೊರಗೊರ ಶಬ್ದ ಶುರುವಾಯಿತು. ಕೇಳಲು ಆಗುತ್ತಿರಲಿಲ್ಲ. ಕಫ ನುಂಗಲು ಆಗದೆ ಬರುವ ಶಬ್ದ, ಅವರಿಗೆ ಅದು ತಿಳಿಯುತ್ತಿಲ್ಲ ಎಂದು ಸಿಸ್ಟರ್ ಹೇಳಿ ಒಂದು ಮಗ್ಗುಲಿಗೆ ತಿರುಗಿಸಿದರು. ಉಸಿರು ನಿಂತು ನಿಂತು ಬರಲಾರಂಭಿಸಿದಾಗ ಮೊದಲೇ ತಿಳಿಸಿದರು, ಕರೆಯಬೇಕಾದವರನ್ನು ಕರೆಯಿರಿ ಎಂದರು. ಮಗ, ಬಾವನವರು ಬಂದರು. ಅತ್ತೆಗೆ ಅಷ್ಟು ದೂರ ಬರಲಾಗಲಿಲ್ಲ. ಫೋನ್ ಕಿವಿಗೆ ಹಿಡಿದೆವು, ಅವರು ಅಲ್ಲಿಂದ ಮಾತಾಡಿದರು. ಮಧ್ಯಾಹ್ನ ಮೂರರ ಮೇಲೆ ಪ್ರಾಣ ಹೋಯಿತು. ರಕ್ತನಾಳ ಒಡೆಯಲಿಲ್ಲ.

ಸ್ನಾನ ಮಾಡಿಸುವ ಹುಡುಗನೇ ಮೈ ಒರೆಸಿ, ಗಾಯಕ್ಕೆ ಹೊಸ ಬಟ್ಟೆ ಕಟ್ಟಿ, ವಿಭೂತಿ ಹಚ್ಚಿದ. ಮೂಗಿನ ನಳಿಕೆ ತೆಗೆದರು. ತಿಪಟೂರಿಗೆ ತಲುಪುವಾಗ ರಾತ್ರಿಯಾಗಿತ್ತು. ಮರುದಿನ ತೋಟದಲ್ಲಿ ಮಣ್ಣು ಮಾಡಿದೆವು. ಬಂದವರು ಮುಖ ನೋಡಿದರು, ಹತ್ತಿರ ನಿಂತು ನೋಡಿದರು.

ಬಿಟ್ಟು ಬಂದಳು ಎಂದು ಕೆಲವರು ಅಂದರು. ಈಗಲೂ ಅನ್ನುತ್ತಾರೆ. ಬಾವನವರು ಅಂಥ ಮಾತು ಬಂದಾಗ ಎದ್ದು ಹೋಗುತ್ತಾರೆ.

ತಿಥಿ ಕಳೆದ ಮೇಲೆ ಮನೆಯಲ್ಲಿ ಉಳಿದಿದ್ದ ಮಾರ್ಫಿನ್ ಮಾತ್ರೆಗಳನ್ನು ವಾಪಸು ಕೊಡಲು ಮಗನ ಜೊತೆ ಹೋದೆ. ಅದನ್ನು ಮನೆಯಲ್ಲಿ ಇಟ್ಟುಕೊಳ್ಳಬಾರದು, ಬೇರೆಯವರಿಗೆ ಕೊಡಲೂಬಾರದು. ಇವರು ಪುಸ್ತಕದ ಹಿಂಬದಿಯಲ್ಲಿ ಬಂದದ್ದೆಷ್ಟು, ಹಾಕಿದ್ದೆಷ್ಟು ಎಂದು ದಿನವೂ ಬರೆದಿಟ್ಟಿದ್ದರು. ಸಿಸ್ಟರ್ ಎಣಿಸಿದರು, ಲೆಕ್ಕ ಸರಿಹೋಯಿತು. ಕೌನ್ಸೆಲರ್ ಮೇಡಂ ನಿದ್ದೆ ಬರುತ್ತಾ ಎಂದು ಕೇಳಿದರು. ಇಲ್ಲ ಎಂದೆ. ಮಗನನ್ನೂ ಕೇಳಿದರು. ಅವನು ಮೊದಲ ಸಲ ಅವರ ಎದುರು ಮಾತಾಡಿದ, ಬಹಳ ಹೊತ್ತು. ನಾನು ಹೊರಗೆ ಕೂತಿದ್ದೆ. ನಾಲ್ಕೂವರೆಯ ರೈಲು ತಪ್ಪಿತು, ಬಸ್ಸಿಗೆ ಬಂದೆವು.